ಮೋರಿಯಲ್ಲಿ ಒಗೆದ ಕೌದಿ

ಅರವತ್ತು ದಾಟಿದ ಮೇಲೂ ಕಿಟ್ಟು ಎಂದೇ ಕರೆಸಿಕೊಳ್ಳುವ ಮನುಷ್ಯನಿಗೆ ನಾಲ್ಕು ಜನರ ನಡುವೆ ಹಿರಿಯನಾಗಿ ಕೂರುವ ಆಸೆ ಇರಬಾರದೆಂದು ಎಲ್ಲೂ ಬರೆದಿಲ್ಲ. ಮುಂಬಯಿಯ ವಿಲೆ ಪಾರ್ಲೆಯ ಕಿಟ್ಟುವಿಗೆ ಆ ಆಸೆ ಸ್ವಲ್ಪ ಹೆಚ್ಚೇ ಇತ್ತು. ವಿಮಾ ಕಂಪನಿಯ ಕೆಲಸಕ್ಕೆಂದು ಮೈಸೂರಿನಿಂದ ಬಂದು, ಆಯುಸ್ಸಿನ ಅರ್ಧವನ್ನು ಲೋಕಲ್‌ನಲ್ಲಿ ಜೋತಾಡುತ್ತ ಕಳೆದು ನಿವೃತ್ತನಾದ ಮೇಲೆ, ಅವನ ಮಾತಿಗೆ ಕಿವಿಗೊಡುವವಳು ಹೆಂಡತಿ ಶಾಮಲಾ ಒಬ್ಬಳೇ ಉಳಿದಳು. ಅವಳೂ ಒಂದೇ ಕಿವಿ ಕೊಡುತ್ತಿದ್ದಳು. ಹಾಗಾಗಿ, ನೆರೆಹೊರೆಯವರ ಜಗಳ ಬಿಡಿಸುವ ಅಂಧೇರಿಯ ಸಂಧಾನ ಕೇಂದ್ರಕ್ಕೆ ಸ್ವಯಂಸೇವಕರು ಬೇಕಾಗಿದ್ದಾರೆಂದು ತಿಳಿದಾಗ ಕಿಟ್ಟು ಹಿಂದೆಮುಂದೆ ನೋಡಲಿಲ್ಲ.

ಕೇಂದ್ರವೆಂದರೆ ಔಷಧಿ ಅಂಗಡಿಯೊಂದರ ಮೇಲಿನ ಎರಡು ಕೋಣೆ. ಅಲ್ಲಿ ವಕೀಲರಿಲ್ಲ, ಪೊಲೀಸರಿಲ್ಲ. ಮೇಲಿನ ಮನೆಯ ನೀರು ಕೆಳಗಿನ ಮನೆಗೆ ಸೋರಿತು, ಪಕ್ಕದ ಮನೆಯ ಚಪ್ಪಲಿ ಸ್ಟ್ಯಾಂಡು ನಮ್ಮ ಬಾಗಿಲಿಗೆ ಅಡ್ಡ ಬಂತು ಎಂದು ಬಂದವರನ್ನು ಎದುರುಬದುರು ಕೂರಿಸಿ, ಚಹಾ ಕುಡಿಸಿ, ಒಬ್ಬರು ಹೇಳಿದ್ದು ಇನ್ನೊಬ್ಬರ ಕಿವಿಗೆ ಬೀಳುವಂತೆ ಮಾಡುವುದು ಅಲ್ಲಿನ ಕೆಲಸ. ತರಬೇತಿಯಲ್ಲಿ ಮೊದಲು ಹೇಳಿಕೊಟ್ಟದ್ದೇ ಇದು: ಆಡುವವರು ಆಡಿ ಮುಗಿಸಲಿ, ನಡುವೆ ಬಾಯಿ ಹಾಕಬೇಡಿ. ಕಿಟ್ಟು ಅದನ್ನು ಕಂಠಪಾಠ ಮಾಡಿದ್ದ. ಕಂಠಪಾಠ ಮಾಡುವುದರಲ್ಲಿ ಅವನು ಚಿಕ್ಕಂದಿನಿಂದಲೂ ಗಟ್ಟಿಗ.

ಇನ್ನೊಂದು ಗಟ್ಟಿತನವೂ ಇತ್ತು. ತನಗೆ ಎಲ್ಲ ಕನ್ನಡವೂ ಬರುತ್ತದೆ ಎಂದು ಅವನು ನಂಬಿದ್ದ. ಮೈಸೂರಿನ ಸೊಸೆಯೊಬ್ಬಳು ಧಾರವಾಡದ ಅತ್ತೆಯ ಮನೆ ಸೇರಿದ ಕತೆಯನ್ನು ಅವನು ಎಷ್ಟು ಸಲ ಹೇಳಿದ್ದಾನೋ ಅವನಿಗೇ ಗೊತ್ತಿಲ್ಲ. ಅತ್ತೆ ಹಳೆಯ ಬಟ್ಟೆಯ ಗಂಟೊಂದನ್ನು ತೋರಿಸಿ, "ಅದನ್ನ ಒಗದ ಬಿಡು" ಎಂದಳಂತೆ. ಪಾಪದ ಸೊಸೆ ಹಗಲೆಲ್ಲ ಕೂತು ಆ ಚಿಂದಿಯನ್ನು ಸೋಪು ಹಾಕಿ ತಿಕ್ಕಿ ಒಣಹಾಕಿದಳಂತೆ. "ಅಲ್ಲಿ ಒಗಿ ಅಂದ್ರೆ ಬಿಸಾಡು ಅಂತ ಕಣ್ರೀ!" ಎಂದು ಕಿಟ್ಟು ತಾನೇ ಮೊದಲು ನಗುತ್ತಿದ್ದ. ಶಾಮಲಾ ಅಷ್ಟರಲ್ಲಿ ಎದ್ದು ಒಳಗೆ ಹೋಗಿರುತ್ತಿದ್ದಳು.

ಮಳೆಗಾಲದಲ್ಲಿ ಕೇಂದ್ರಕ್ಕೆ ಒಂದು ದೂರು ಬಂತು. ಕೊಟ್ಟವಳು ಅಂಧೇರಿಯ ಹಳೆಯ ಚಾಳೊಂದರ ಮೊದಲ ಮಹಡಿಯ ವಿಜೇತಾ, ಮರಾಠಿಯವಳು, ಕೊರಿಯರ್ ಆಫೀಸಿನಲ್ಲಿ ಕೆಲಸ. ಅವಳ ತಾಯಿ ತನ್ನ ಹಳೆಯ ಸೀರೆಗಳನ್ನು ಕತ್ತರಿಸಿ ಕೈಯಿಂದಲೇ ಹೊಲಿದ ಕೌದಿಯೊಂದಿತ್ತು. ತಾಯಿ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಗಾಳಿಯಾಡಲೆಂದು ಮೇಲಿನ ಕಟಾಂಜನದ ಮೇಲೆ ಹರವಿದ್ದ ಆ ಕೌದಿ ಒಂದು ಮಧ್ಯಾಹ್ನ ಗಾಳಿಮಳೆಗೆ ಕೆಳಗೆ ಬಿತ್ತು. ಕೆಳಗಿನ ಮನೆಯ ನೀಲಾಬಾಯಿ ಅದನ್ನು ಒಳಗೆ ಎಳೆದುಕೊಂಡು ಹೋದದ್ದನ್ನು ಯಾರೋ ಕಂಡಿದ್ದರು. ಕೇಳಲು ಹೋದರೆ ನೀಲಾಬಾಯಿ ಬರೀ ಕೈ ಆಡಿಸಿದಳು, ಕೌದಿ ಕೊಡಲಿಲ್ಲ.

ಈ ನೀಲಾಬಾಯಿ ಸುರಪುರದ ಕಡೆಯ ಹಳ್ಳಿಯವಳು. ಮಗಳು ಸೋನಾಲಿಯ ಕೂಸನ್ನು ನೋಡಿಕೊಳ್ಳಲೆಂದು ಬಂದು ಸೇರಿದ್ದಳು. ಅವಳು ಬಂದ ಮೇಲೆಯೇ ಸೋನಾಲಿ ವಿಮಾನ ನಿಲ್ದಾಣದ ಹತ್ತಿರದ ಕ್ಯಾಂಟೀನಿನಲ್ಲಿ ಮತ್ತೆ ಕೆಲಸಕ್ಕೆ ಸೇರಿದ್ದು. ನೀಲಾಬಾಯಿಗೆ ಮರಾಠಿ ಬಾರದು, ಹಿಂದಿಯೂ ಅಷ್ಟಕ್ಕಷ್ಟೆ. ಮಗಳು ಹೇಳಬಹುದಿತ್ತು. ಆದರೆ ಮೇಲಿನಿಂದ ಒದ್ದೆ ಬಟ್ಟೆಯ ನೀರು ಸುರಿದ ಹಳೆಯ ಜಗಳದಲ್ಲಿ ಸೋನಾಲಿಗೂ ವಿಜೇತಾಗೂ ಮಾತು ಬಿಟ್ಟುಹೋಗಿತ್ತು.

ಸಂಧಾನದ ದಿನ ಗೊತ್ತುಮಾಡಲು ಕಿಟ್ಟು ಫೋನ್ ಮಾಡಿದಾಗ ಸೋನಾಲಿ, "ಅಂಕಲ್, ಸಂಡೇ ಕೋ ಇಡ್ರಿ ನಾ. ನನಗ ಛುಟ್ಟಿ ಇರ್ತದ. ಅವ್ವನ ಸಂಗ್ತಿ ನಾ ಬರ್ತೀನಿ," ಎಂದಳು.

ಭಾನುವಾರ ಬೊರಿವಲಿಯ ಕನ್ನಡ ಸಂಘದಲ್ಲಿ ಕಿಟ್ಟುವಿನ ಭಾಷಣವಿತ್ತು. "ಏನೂ ಬೇಡಮ್ಮ, ನಾನಿದ್ದೀನಲ್ಲ. ನಿಮ್ಮ ತಾಯೀನೂ ಕನ್ನಡ, ನಾನೂ ಕನ್ನಡ," ಎಂದ.

"ಅವ್ವಂದು ಗಾಂವ್ ಕಾ ಕನ್ನಡ ಅದ ಅಂಕಲ್."

"ಆ ಕನ್ನಡಾನೂ ಬರುತ್ತೆ," ಎಂದು ಕಿಟ್ಟು ನಕ್ಕು ಫೋನ್ ಇಟ್ಟ.

ಗೊತ್ತುಮಾಡಿದ ದಿನ ನೀಲಾಬಾಯಿ ಕೂಸನ್ನು ಸೊಂಟದ ಮೇಲೆ ಹೊತ್ತು ಮೆಟ್ಟಿಲೇರಿ ಬಂದಳು. "ಬನ್ನಿ, ಕೂತ್ಕೊಳ್ಳಿ ನೀಲಾಬಾಯಿ," ಎಂದದ್ದೇ ತಡ, ಅವಳ ಮುಖ ಅರಳಿತು. "ಯಪ್ಪಾ! ನಮ್ಮ ಮಾತು ಕೇಳಿ ಎಷ್ಟ ದಿನಾ ಆಗಿತ್ರಿ ಅಣ್ಣಾರ. ಇಲ್ಲಿ ನನ್ನ ಬಾಯಿ ಇದ್ದೂ ಇಲ್ಲದಂಗ ಆಗ್ಯಾದ ನೋಡ್ರಿ," ಎಂದಳು. ಕಿಟ್ಟುವಿಗೆ ಬಹಳ ಹಿತವಾಯಿತು. ಎದುರಿಗೆ ಕುಳಿತಿದ್ದ ವಿಜೇತಾ ಬಿಗಿದ ಮುಖವನ್ನು ಸಡಿಲಿಸಲಿಲ್ಲ.

ವಿಜೇತಾ ಹೇಳಬೇಕಾದದ್ದನ್ನೆಲ್ಲ ಹೇಳಿದಳು. ಯಾವ ತುಂಡು ಯಾವ ಸೀರೆಯದು, ಯಾವ ಹಬ್ಬಕ್ಕೆ ಅಮ್ಮ ಅದನ್ನು ಉಟ್ಟಿದ್ದಳು ಎಂಬುದನ್ನೂ ಹೇಳಿದಳು. ಕಿಟ್ಟು ಎಲ್ಲವನ್ನೂ ಕನ್ನಡಕ್ಕೆ ತಿರುಗಿಸಿ, "ಈಗ ನೀವು ಹೇಳಿ," ಎಂದು ನೀಲಾಬಾಯಿಯ ಕಡೆಗೆ ನೋಡಿದ.

"ಹೌದ್ರಿ, ಕೌದಿ ನಾನೇ ಒಳಗ ಒಯ್ದೀನ್ರಿ. ಕೆಸರಾಗ ಬಿದ್ದಿತ್ತು, ನಾಯಿ ಎಳದಾಡಕತ್ತಿದ್ವು. ಹೊಲಸ ಅಂದ್ರ ಹೊಲಸ ಆಗಿತ್ರಿ. ನೋಡಾಕ ಆಗ್ಲಿಲ್ಲ, ಒಗದೀನ್ರಿ."

"ಒಗೆದುಬಿಟ್ರಾ?"

"ಹೂಂನ್ರಿ, ಅವತ್ತೇ ಒಗದೀನಿ."

"ಎಲ್ಲಿ?"

ಇದೆಂಥ ಪ್ರಶ್ನೆ ಎಂಬಂತೆ ಅವಳು ಅವನನ್ನು ನೋಡಿದಳು. "ಎಲ್ಲಿ ಅಂದ್ರ, ಮೋರ್ಯಾಗ್ರಿ. ಮತ್ತೆಲ್ಲಿ ಒಗೀಲಿ? ಮಳಿ ನಿಂದರವಲ್ದು, ಅದು ಇನ್ನಾ..."

ಕಿಟ್ಟು ಕೈ ಎತ್ತಿದ. "ಸಾಕು ನೀಲಾಬಾಯಿ. ಅರ್ಥ ಆಯ್ತು."

ಅವನಿಗೆ ನಿಜಕ್ಕೂ ಸಂಕಟವಾಗಿತ್ತು. ಸತ್ತ ತಾಯಿಯ ಕೈಕೆಲಸವನ್ನು ಮೋರಿಗೆ ಬಿಸಾಡಿ ಬಂದು ಇಷ್ಟು ಸಲೀಸಾಗಿ ಹೇಳುತ್ತಾಳಲ್ಲ ಎಂದುಕೊಂಡ. ಜೊತೆಗೆ, ಆ ಒಂದು ಮಾತಿನ ಒಳಗುಟ್ಟು ತನಗಲ್ಲದೆ ಬೇರೆ ಯಾವ ಮೈಸೂರಿನವನಿಗೂ ಹೊಳೆಯುತ್ತಿರಲಿಲ್ಲ ಎಂಬ ಸಣ್ಣ ಸಂತೋಷವೂ ಇತ್ತು. ಅದನ್ನು ಅಡಗಿಸಿಕೊಂಡು, ವಿಜೇತಾಗೆ ಮರಾಠಿಯಲ್ಲಿ ಮೆಲ್ಲಗೆ ಹೇಳಿದ: ಟಾಕೂನ ದಿಲೀ. ಬಿಸಾಡಿಬಿಟ್ಟಿದ್ದಾರೆ.

ವಿಜೇತಾ ತಲೆಯೆತ್ತಿದಳು. ನೀಲಾಬಾಯಿಯ ಬಾಯಿಂದ ಬಂದ ಒಂದು ಮಾತು ಅವಳಿಗೂ ಕೇಳಿಸಿತ್ತು. "ಮೋರೀ?" ಎಂದಳು.

"ನಾಲಾ, ಗಟರ್," ಎಂದ ಕಿಟ್ಟು ಅಧಿಕಾರವಾಣಿಯಿಂದ. "ಕನ್ನಡದಲ್ಲಿ ಅದಕ್ಕೆ ಮೋರಿ ಅಂತಾರೆ."

ವಿಜೇತಾ ಓಢಣಿಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಮ್ಮನ ವಾಸನೆ ಅದರಲ್ಲಿ ಉಳಿದಿತ್ತು, ಅದಕ್ಕೇ ನಾನು ಅದನ್ನು ಒಮ್ಮೆಯೂ ನೀರಿಗೆ ಹಾಕಿರಲಿಲ್ಲ ಎಂದಳು. ಕಿಟ್ಟು ಅದನ್ನೂ ಕನ್ನಡಕ್ಕೆ ತಂದ. "ಅದರಲ್ಲಿ ಅವರ ಅಮ್ಮನ ವಾಸನೆ ಇತ್ತಂತೆ. ನೀವು ಮಾಡಿದ ಕೆಲಸದಿಂದ ಅದೂ ಹೋಯ್ತು," ಎಂದ.

ನೀಲಾಬಾಯಿಯ ಕೈ ಬಾಯಿಗೆ ಹೋಯಿತು. "ಅಯ್ಯ ಶಿವನೇ. ನನಗ ಅದು ಹೊಳೀಲೇ ಇಲ್ಲಲ್ರಿ," ಎಂದಳು. ಕಣ್ಣಲ್ಲಿ ನೀರು ಬಂತು. ಪಶ್ಚಾತ್ತಾಪ ಎಂದರೆ ಹೀಗಿರಬೇಕು ಎಂದು ಕಿಟ್ಟು ಅಂದುಕೊಂಡ. ತರಬೇತಿಯಲ್ಲಿ ಕೂಡ ಇಷ್ಟು ಚೆನ್ನಾಗಿ ಯಾರೂ ಅತ್ತು ತೋರಿಸಿರಲಿಲ್ಲ.

"ಅವರಿಗೆ ಅವರ ಭಾಷೇಲೇ ಒಂದು ಮಾತು ಹೇಳಿಬಿಡಿ. ನನ್ನ ತಪ್ಪಾಯ್ತು ಅಂತ. ಮಾಝೀ ಚೂಕ ಝಾಲೀ. ಹೇಳಿ."

"ಮಾಝಿ... ಚೂಕ..."

"ಝಾಲೀ," ಎಂದು ಕಿಟ್ಟು ಎತ್ತಿಕೊಟ್ಟ.

"ಜಾಲಿ," ಎಂದಳು ನೀಲಾಬಾಯಿ, ಕೈಜೋಡಿಸಿ. ವಿಜೇತಾ ಗೋಡೆ ನೋಡುತ್ತಿದ್ದಳು.

ಇಬ್ಬರೂ ಒಪ್ಪಿದರು. ಇನ್ನು ಮೇಲೆ ಕೌದಿಯ ಮಾತನ್ನು ಯಾರೂ ಎತ್ತಬಾರದು, ಒಬ್ಬರ ಬಾಗಿಲಿಗೆ ಇನ್ನೊಬ್ಬರು ಹೋಗಬಾರದು. ಕಿಟ್ಟುವಿನದೇ ಈ ಏರ್ಪಾಡು. ಹೊರಡುವಾಗ ನೀಲಾಬಾಯಿ ಬಾಗಿಲಲ್ಲಿ ತಿರುಗಿ ನಿಂತು, "ಅಣ್ಣಾರ, ಮತ್ತ ಆ ಕೌದಿ..." ಎಂದಳು.

"ಅದರ ಮಾತು ಎತ್ತಬೇಡಿ ಅಂದೆನಲ್ಲಮ್ಮ. ಮುಗೀತು."

ಅವಳು ತಲೆಯಾಡಿಸಿ ಮೆಟ್ಟಿಲಿಳಿದಳು.

ಭಾನುವಾರ ಬೊರಿವಲಿಯಲ್ಲಿ ಕಿಟ್ಟುವಿನ ಭಾಷಣ ಕಳೆಗಟ್ಟಿತು. ಹೆಸರು ಹೇಳದೆ, ಊರು ಹೇಳದೆ, ಕೌದಿಯ ಜಗಳವನ್ನು ರಸವತ್ತಾಗಿ ಬಣ್ಣಿಸಿದ. "ಒಗದೀನಿ ಅಂದ ಕೂಡಲೇ ನನಗೆ ಹೊಳೀತು ನೋಡಿ," ಎಂದಾಗ ಸಭೆ ನಕ್ಕಿತು. ಒಂದೇ ಭಾಷೆಯೊಳಗೆ ಎಷ್ಟು ಭಾಷೆ ಎಂದು ಅಧ್ಯಕ್ಷರು ಕೊಂಡಾಡಿದರು. ಶಾಲು ಹೊದಿಸಿದರು.

ವಾಪಸು ಬರುವ ಲೋಕಲ್‌ನಲ್ಲಿ, ಮಡಿಲಲ್ಲಿ ಶಾಲು ಇಟ್ಟುಕೊಂಡು ಕೂತಿದ್ದ ಶಾಮಲಾ ಕೇಳಿದಳು. "ರೀ, ಬಟ್ಟೆ ವಿಷಯಕ್ಕೆ ಅವರೂ ಒಗೆಯೋದು ಅಂದ್ರೆ ತೊಳೆಯೋದು ಅಂತಲೇ ಅಲ್ವೇನ್ರಿ? ಕಲ್ಲು ಗಿಲ್ಲು ಆದ್ರೆ ಬಿಸಾಡೋದು. ನಮ್ಮ ಮಹಡಿಯ ಲಾವಣ್ಯಾ ಹುಬ್ಬಳ್ಳಿಯವಳು, ದಿನಾ ಅರಿವಿ ಒಗೀಬೇಕು ಅಂತಿರ್ತಾಳೆ. ಮಾಡಿಯೂ ತೋರಿಸ್ತಾಳೆ, ಬಕೆಟ್ಟು ಸೋಪಿನ ಸಮೇತ."

"ಅವಳೇ ಬಾಯಿಬಿಟ್ಟು ಹೇಳಿದ್ಲು ಕಣೆ, ಮೋರಿಗೆ ಅಂತ."

"ಮೋರಿಗೆ ಅಂದ್ಲಾ?"

"ಹೂಂ."

ಶಾಮಲಾ ಕಿಟಕಿಯ ಕಡೆಗೆ ತಿರುಗಿದಳು. ಕಿಟ್ಟುವಿಗೆ ಗೋರೆಗಾಂವ್ ದಾಟುವಷ್ಟರಲ್ಲಿ ನೆನಪಾಯಿತು. ಅವಳು ಮೋರಿಗೆ ಅಂದಿರಲಿಲ್ಲ. ಮೋರ್ಯಾಗ ಅಂದಿದ್ದಳು. ಮೋರಿಯೊಳಗೆ. ಅದೇನು ಅಂಥ ದೊಡ್ಡ ವ್ಯತ್ಯಾಸ ಎಂದು ತನಗೆ ತಾನೇ ಹೇಳಿಕೊಂಡ. ಮಾತು ಮನಸ್ಸಿನಿಂದ ಕದಲಲಿಲ್ಲ.

ಸಂಧಾನವಾದ ಮೇಲೆ ಒಂದು ಸಲ ಹೋಗಿ ವಿಚಾರಿಸಿಕೊಂಡು ಬರುವುದು ಕೇಂದ್ರದ ಪದ್ಧತಿ. ಉಳಿದ ಜಗಳಗಳಿಗೆ ವಾರ ತುಂಬುವ ಮೊದಲೇ ಓಡುತ್ತಿದ್ದ ಕಿಟ್ಟು ಈ ಸಲ ನೆಗಡಿ ಎಂದ, ಮಳೆ ಎಂದ, ಮೊಣಕಾಲು ಎಂದ. ಶಾಮಲಾ ಏನೂ ಹೇಳಲಿಲ್ಲ, ಅದೇ ಅವನಿಗೆ ತಡೆಯಲಾಗದ ಸಂಗತಿಯಾಯಿತು. ಕೊನೆಗೆ ಒಂದು ಶನಿವಾರ ಬೆಳಿಗ್ಗೆ ಆಟೋ ಹತ್ತಿದ.

ಚಾಳಿನ ನಲ್ಲಿಯ ಹತ್ತಿರ ಹೆಂಗಸರು ನಿಂತಿದ್ದರು. ನೀಲಾಬಾಯಿಯ ಖೋಲಿ ಯಾವುದೆಂದು ಕೇಳಿದ್ದಕ್ಕೆ ಒಬ್ಬಳು ಇನ್ನೊಬ್ಬಳ ಮುಖ ನೋಡಿ, "ಗೋಧಡೀವಾಲೀ?" ಎಂದು ಬೆರಳು ತೋರಿಸಿದಳು. ಕೌದಿಯವಳು. ಸುರಪುರದ ಹೆಂಗಸಿಗೆ ಅಂಧೇರಿಯಲ್ಲಿ ಇಟ್ಟ ಹೆಸರು ಅದು. ಅದನ್ನು ತಂದುಕೊಟ್ಟವನು ತಾನೇ ಎಂದು ಕಿಟ್ಟುವಿಗೆ ಆಗಲೇ ಗೊತ್ತಿತ್ತು.

"ಬರ್ರಿ ಅಣ್ಣಾರ, ಬರ್ರಿ!" ಎಂದು ನೀಲಾಬಾಯಿ ಚಾಪೆ ಹಾಸಿದಳು. ಒಂದೇ ಖೋಲಿ. ಗೋಡೆಯ ಬದಿಗೆ ಜಿಪ್ ಎಳೆದು ನಿಲ್ಲಿಸಿದ ಚೀಲ, ಪಕ್ಕದಲ್ಲಿ ರೊಟ್ಟಿಯ ಗಂಟು. ಕೂಸು ನೆಲದ ಮೇಲೆ ಚಮಚ ಬಡಿಯುತ್ತಿತ್ತು. ಅವಳು ನೀರು ಕೊಟ್ಟಳು. ಕುಡಿಯುತ್ತ ಕಿಟ್ಟು ಮೂಲೆ ನೋಡಿದ. ಗೇಣೆತ್ತರದ ಕಟ್ಟೆ, ಒಳಗೆ ಒಂದು ನಲ್ಲಿ, ನೀರು ಹೋಗುವ ತೂತು, ಬಕೆಟ್ಟು, ಬಟ್ಟೆಯ ಸೋಪು, ತಿಕ್ಕುವ ಬ್ರಷ್ಷು.

"ಇದಕ್ಕೆ... ಇದಕ್ಕೆ ನೀವು ಏನಂತೀರಿ?" ಎಂದು ಕೇಳಿದ.

"ಇದಕ್ಕೇನ್ರಿ? ಮೋರಿ ಅಂತಾರಲ್ರಿ ಇಲ್ಲಿ. ನಮ್ಮೂರಾಗ ಬಚ್ಚಲ ಅಂತೀವಿ. ಇಲ್ಲಿ ಹಂಗಂದ್ರ ಯಾರಿಗಿ ತಿಳೀತದ? ಮಗಳು ಹೇಳಿಕೊಟ್ಟಾಳ."

ಕಿಟ್ಟು ಲೋಟ ಕೆಳಗಿಟ್ಟ. ಮುಂಬಯಿಯಲ್ಲಿ ಇಷ್ಟು ವರ್ಷ ಬಾಳಿದವನು ಆ ಮಾತನ್ನು ನೂರು ಸಲ ಕೇಳಿದ್ದ. ಅವತ್ತು ಅದನ್ನು ಮುಟ್ಟದೆ ಹಾಗೇ ಬಿಟ್ಟಿದ್ದರೆ ವಿಜೇತಾಗೆ ತಾನಾಗಿ ತಿಳಿಯುತ್ತಿತ್ತು, ತಿಳಿಯಲು ಶುರುವೂ ಆಗಿತ್ತು. ಒಗೆಯುವುದಕ್ಕೆ ಅವನು ತನ್ನ ಮೈಸೂರಿನ ಅರ್ಥವನ್ನು ಬಿಟ್ಟು ನೀಲಾಬಾಯಿಯದೆಂದು ತಿಳಿದ ಅರ್ಥವನ್ನು ಹಿಡಿದ. ಮೋರಿಗೆ ಅವಳ ಅರ್ಥ ಬಿಟ್ಟು ಮೈಸೂರಿನದನ್ನು ಹಿಡಿದ. ಎರಡು ಸಲವೂ ತಪ್ಪಾದ ಕಡೆಯನ್ನೇ ಆರಿಸಿಕೊಂಡಿದ್ದ. ಶಾಲಿನ ನೆನಪಾಗಿ ಅವನ ಕಿವಿ ಬಿಸಿಯಾಯಿತು.

ನೀಲಾಬಾಯಿ ಅಷ್ಟರಲ್ಲಿ ಸ್ಟೂಲು ಹತ್ತಿ ಅಟ್ಟದಿಂದ ಒಂದು ಗಂಟು ಇಳಿಸಿದಳು. ಹಳೆಯ ಸೀರೆಯಲ್ಲಿ ಸುತ್ತಿದ್ದ ಗಂಟು ಬಿಚ್ಚಿದರೆ ಒಳಗೆ ಕೌದಿ ಇತ್ತು. ಮಡಿಕೆಗಳ ನಡುವೆ ಬೇವಿನ ಸೊಪ್ಪು ಇಟ್ಟಿದ್ದಳು.

"ನೀವು ಬಂದದ್ದು ಚಲೋ ಆತ್ರಿ. ಇದು ಒಣಗಲಿ, ಕೊಟ್ಟು ಬರಾಮು ಅಂತ ಮಾಡಿದ್ದೆ. ಅಷ್ಟ್ರಾಗ ಅವರು ದೂರು ಕೊಟ್ರು. ಮುಂದ ನೀವು ಅವರ ಬಾಗಲಿಗಿ ಹೋಗಬ್ಯಾಡ ಅಂದ್ರಿ, ನಾ ಹೋಗಿಲ್ರಿ. ಮಗಳಿಗೂ ಬಾಯಿ ತೆರೀಬ್ಯಾಡ ಅಂದೀನಿ. ಹಿರೇರು ಹೇಳ್ಯಾರ ಅಂದ ಮ್ಯಾಲ ಮೀರಬಾರ್ದು ನೋಡ್ರಿ."

ಕಿಟ್ಟು ಕೌದಿಯ ಅಂಚನ್ನು ಮುಟ್ಟಿ ನೋಡಿದ.

"ಖರೆ, ವಾಸನಿ ಮಾತ್ರ ಹೋಗ್ಯಾದ್ರಿ," ಎಂದು ಅವಳು ಕೌದಿಯನ್ನು ಮೂಗಿನ ಹತ್ತಿರ ಹಿಡಿದಳು. "ಎರಡ ಸಲ ಸಾಬಾಣ ಹಚ್ಚಿ ತಿಕ್ಕೀನಿ, ಹ್ಯಾಂಗ ಉಳೀತದ? ಸತ್ತ ತಾಯಿದು ಅಂತ ನನಗೇನ ಗೊತ್ರಿ. ಈ ಹೆಂಗಸರು ನನ್ನ ನೋಡಿ ಮಾರಿ ತಿರವತಾರ, ಅದು ಬರೋಬ್ಬರಿನೇ ಅದ. ಬ್ಯಾಸತ್ತು ಊರಿಗಿ ಹೊಂಟೀನ್ರಿ. ನಾಳಿ ರಾತ್ರಿ ಗಾಡಿ."

"ಮತ್ತೆ ಕೂಸು?"

"ಸೋನಾಲಿ ಕೆಲಸಾ ಬಿಡ್ತಾಳ. ಏನ್ ಮಾಡೂದು?"

ತೊಳೆದದ್ದಕ್ಕೆ ಇವಳು ತಪ್ಪೊಪ್ಪಿಕೊಂಡಿದ್ದಳು. ಕೆಸರಿನಿಂದ ಎತ್ತಿ, ನಾಯಿಯ ಬಾಯಿಂದ ಬಿಡಿಸಿ, ತಿಕ್ಕಿ ತೊಳೆದು, ಬೇವಿನ ಸೊಪ್ಪಿಟ್ಟು ಕಾಪಾಡಿದ್ದಕ್ಕೆ ಕೈಮುಗಿದು ಕ್ಷಮೆ ಕೇಳಿದ್ದಳು. ಕೇಳಿಸಿದವನು ತಾನು. ಕಿಟ್ಟುವಿಗೆ ನಾಚಿಕೆ ಎಷ್ಟಾಯಿತೆಂದರೆ ಎದ್ದು ಹೊರಗೆ ಓಡಿಬಿಡೋಣ ಎನಿಸಿತು. ಅವಳ ಮುಖ ನೋಡಲಾಗದೆ ಕೂಸಿನ ಮುಖ ನೋಡಿದ. ಅದು ನಕ್ಕಿತು.

"ನಡೀರಿ, ಕೊಟ್ಟು ಬರೋಣ," ಎಂದ.

ಮರದ ಮೆಟ್ಟಿಲು ಹತ್ತುವಾಗ ಕೌದಿ ಅವನ ಕೈಯಲ್ಲಿತ್ತು, ಕೂಸು ಅವಳ ಸೊಂಟದಲ್ಲಿತ್ತು. ನಾಚಿಕೆಯಾದ ಮಾತ್ರಕ್ಕೆ ಮನುಷ್ಯ ಒಳ್ಳೆಯವನಾಗಿಬಿಡುವುದಿಲ್ಲ. ಅರ್ಧ ಮೆಟ್ಟಿಲು ಏರುವಷ್ಟರಲ್ಲೇ ಕಿಟ್ಟು ಒಂದು ಉಪಾಯ ಹೂಡಿದ್ದ. ಕೌದಿ ಸಿಕ್ಕಿತು ಎಂದರೆ ಸಾಕು. ಎಲ್ಲಿ, ಹೇಗೆ ಎಂದು ಬಿಡಿಸಿ ಹೇಳಬೇಕೆಂದಿಲ್ಲ. ವಿಜೇತಾಗೆ ಕೌದಿ ಸಿಗುತ್ತದೆ, ನೀಲಾಬಾಯಿಗೆ ಒಳ್ಳೆಯ ಹೆಸರು ಸಿಗುತ್ತದೆ, ತನ್ನ ಹೆಸರು ಇದ್ದಲ್ಲೇ ಇರುತ್ತದೆ.

ಬಾಗಿಲು ತೆರೆದ ವಿಜೇತಾ ಮೊದಲು ನೋಡಿದ್ದು ಕೌದಿಯನ್ನು. ಕಿತ್ತುಕೊಂಡಂತೆ ತೆಗೆದುಕೊಂಡಳು. ಒಂದೊಂದು ತುಂಡನ್ನೂ ಸವರಿದಳು, ಮುಖಕ್ಕೆ ಒತ್ತಿಕೊಂಡಳು. "ಸಾಪಡಲೀ," ಎಂದ ಕಿಟ್ಟು. ಸಿಕ್ಕಿತು.

ವಿಜೇತಾ ಮುಖ ಎತ್ತಿದಳು. ಹಿಂದೆ ನಿಂತಿದ್ದ ನೀಲಾಬಾಯಿಯನ್ನು ನೋಡಿ, ದನಿ ತಗ್ಗಿಸಿ, ಇವರು ನಾಲಾದಿಂದ ಮತ್ತೆ ಹೊರಗೆ ತೆಗೆದರಾ ಎಂದು ಕೇಳಿದಳು. ಸಿಟ್ಟು ಇಳಿದ ದನಿ ಅದು. ತಪ್ಪು ಮಾಡಿದವಳು ತಿದ್ದಿಕೊಂಡಿದ್ದಾಳೆ ಎಂಬ ದೊಡ್ಡ ಮನಸ್ಸಿನ ದನಿ. ಕಿಟ್ಟು ಒಂದು ಸಲ ತಲೆಯಾಡಿಸಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಅವನ ತಲೆ ಅಲ್ಲಾಡಲು ಹೊರಟೂ ಇತ್ತು. ಅಷ್ಟರಲ್ಲಿ ನೀಲಾಬಾಯಿ, ಮಾತು ತಿಳಿಯದಿದ್ದರೂ, ವಿಜೇತಾ ತನ್ನತ್ತ ನೋಡಿದ್ದಕ್ಕೆ ಹೆದರಿ ಸೆರಗು ಸರಿಮಾಡಿಕೊಂಡಳು.

"ನಾಹೀ," ಎಂದ ಕಿಟ್ಟು. ಆಮೇಲೆ ಎಲ್ಲವನ್ನೂ ಹೇಳಿದ. ಕೌದಿ ನಾಲಾ ಕಂಡೇ ಇರಲಿಲ್ಲ, ಇವರ ಮೋರಿಯಲ್ಲಿ ಸೋಪು ಕಂಡಿತ್ತು, ತೊಳೆದೆ ಎಂದದ್ದನ್ನು ಬಿಸಾಡಿದೆ ಎಂದು ಹೇಳಿದವನು ನಾನು ಎಂದ. ಹೇಳುತ್ತ ಹೇಳುತ್ತ ಅವನ ಹೆಮ್ಮೆಯ ಮರಾಠಿ ತಡವರಿಸಿತು.

ವಿಜೇತಾ ಕೌದಿಯನ್ನು ಮಡಚಿ ಹೆಗಲಿಗೆ ಹಾಕಿಕೊಂಡಳು. "ಇವರಿಗೆ ಗೊತ್ತಾ, ನೀವು ನನಗೆ ಏನು ಹೇಳಿದಿರಿ ಅಂತ?" ಎಂದು ಕೇಳಿದಳು.

ಗೊತ್ತಿಲ್ಲ ಎಂದ ಕಿಟ್ಟು.

"ಹೇಳಿ. ಈಗಲೇ, ನನ್ನ ಎದುರಿಗೇ. ಕೆಳಗಿನವರಿಗೆಲ್ಲ ನಾನು ಹೇಳಿಕೊಳ್ಳುತ್ತೇನೆ. ಇವರಿಗೆ ನೀವು ಹೇಳಬೇಕು."

ಕಿಟ್ಟು ನೀಲಾಬಾಯಿಯ ಕಡೆಗೆ ತಿರುಗಿದ. ಬಾಯಿ ತೆರೆದ. ಎಲ್ಲ ಕನ್ನಡವೂ ಬರುತ್ತಿದ್ದವನಿಗೆ ಆಗ ಒಂದೂ ಬರಲಿಲ್ಲ.

ನೀಲಾಬಾಯಿ ಅವನನ್ನು ನೋಡಿದಳು, ವಿಜೇತಾಳನ್ನು ನೋಡಿದಳು. ಏನು ಮಾಡಬೇಕೆಂದು ತನಗೆ ತಿಳಿಯಿತು ಎಂಬಂತೆ ಮುಂದೆ ಬಂದಳು. ಕೈಜೋಡಿಸಬೇಕಾಗಿತ್ತು, ಕೂಸು ಅಡ್ಡವಾಯಿತು, ವಿಜೇತಾ ಕೈಚಾಚಿ ಕೂಸನ್ನು ಎತ್ತಿಕೊಂಡಳು. ಎರಡೂ ಕೈ ಬಿಡುವಾದ ನೀಲಾಬಾಯಿ ತಲೆಬಾಗಿಸಿ, ಈ ಸಲ ಎಲ್ಲೂ ತಡವರಿಸದೆ, ಇಷ್ಟು ದಿನ ಒಬ್ಬಳೇ ಕೂತು ಹೇಳಿ ಹೇಳಿ ರೂಢಿ ಮಾಡಿಕೊಂಡಿದ್ದವಳಂತೆ ಹೇಳಿದಳು.

"ಮಾಝೀ ಚೂಕ ಝಾಲೀ."

"ಅಯ್ಯೋ, ನೀವಲ್ಲ ನೀಲಾಬಾಯಿ," ಎಂದ ಕಿಟ್ಟು. "ನೀವಲ್ಲ. ಆ ಮಾತು ನಾನು ಹೇಳಬೇಕು. ನಿಮಗೆ ಹೇಳಬೇಕು."

ಅವಳಿಗೆ ಅರ್ಥವಾಗಲಿಲ್ಲ. ಅವನು ಅವಳ ಎದುರು ಕೈಜೋಡಿಸಿದ. ನಡೆದದ್ದನ್ನು ಬಿಡಿಸಿ ಹೇಳುವ ಕನ್ನಡ ಇನ್ನೂ ಬಾಯಿಗೆ ಬರಲಿಲ್ಲ. ಅವಳ ಬಾಯಲ್ಲಿ ಈಗಷ್ಟೇ ಕೇಳಿದ ಮಾತೊಂದೇ ನಾಲಿಗೆಗೆ ಬಂತು.

"ಮಾಝೀ ಚೂಕ..." ಎಂದು ನಿಂತುಬಿಟ್ಟ.

ಪಾಪ, ಇವರಿಗೂ ಮರೆತಿದೆ ಎಂದುಕೊಂಡಳೋ ಏನೋ. ನೀಲಾಬಾಯಿ ಅವನ ಹತ್ತಿರ ಬಾಗಿ, ವಿಜೇತಾಗೆ ಕೇಳಿಸದಂತೆ ಮೆಲ್ಲಗೆ ಎತ್ತಿಕೊಟ್ಟಳು.

"ಝಾಲೀ ಅನ್ರಿ, ಅಣ್ಣಾರ."

"ಝಾಲೀ," ಎಂದ ಕಿಟ್ಟು.